ಹೊಳೆಯಲ್ಲಿ ಏಕವಚನ

ಕೊಚ್ಚಿಯ ಕಾಕ್ಕನಾಡಿನ ಕಲೆಕ್ಟರೇಟ್ ಸಿಗ್ನಲ್ ದಾಟುವಷ್ಟರಲ್ಲೇ ಹೃಷಿಕೇಶನ ಬಲಗಾಲು ಶುರು ಹಚ್ಚಿಕೊಂಡಿತ್ತು. ಮಂಡಿ ಟಕಟಕ ಕುಣಿಯುತ್ತಿತ್ತು, ಅದರ ಜೊತೆ ಕ್ಯಾಬ್‌ನ ಹಿಂದಿನ ಸೀಟು ಕುಣಿಯುತ್ತಿತ್ತು, ಸೀಟಿನ ಜೊತೆ ಆಯೇಷಾ ಹಿಡಿದಿದ್ದ ಫ್ಲಾಸ್ಕ್ ಮುಚ್ಚಳದ ಚಹಾ ಕುಣಿಯುತ್ತಿತ್ತು.

"ಕಾಲು ನಿಲ್ಸು ಮಾರಾಯ. ಐದು ಗಂಟೆಗೆ ಎದ್ದು ನಿನ್ನ ಜೊತೆ ಹೊರಟದ್ದಕ್ಕೆ ನಂಗೆ ಚಹಾದ ಸ್ನಾನ ಮಾಡಿಸ್ಬೇಡ."

"ನಿಲ್ತಾ ಇಲ್ಲ ಕಣೇ! ನಾನೇನ್ ಬೇಕಂತ ಆಡಿಸ್ತಿದೀನಾ?"

ಇಬ್ಬರೂ ಐಟಿ ಪಾರ್ಕಿನ ಒಂದೇ ಕಂಪನಿಯಲ್ಲಿ ಅಕ್ಕಪಕ್ಕದ ಮೇಜಿನವರು. ಅವಳು ಮಂಗಳೂರಿನವಳು, ಇವನು ಮೈಸೂರಿನವನು, ಕೊಚ್ಚಿಗೆ ಬಂದು ಎಂಟು ತಿಂಗಳು. ಈ ಎಂಟು ತಿಂಗಳಲ್ಲಿ ಹೃಷಿಕೇಶ ಹಿಡಿದದ್ದು, ಬಿಟ್ಟದ್ದು ಎಲ್ಲಾ ಆಯೇಷಾಳ ಫೋನಿನಲ್ಲಿ ದಾಖಲಾಗಿತ್ತು. ಗಿಟಾರು, ಒಂದು ತಿಂಗಳು. ಫೋರ್ಟ್ ಕೊಚ್ಚಿಗೆ ಸೈಕಲ್ ಸವಾರಿ, ಎರಡು ವಾರ. ಕಳರಿಪಯಟ್ಟು ಕ್ಲಾಸು ಮೂರು ದಿನ, ಆಮೇಲೆ ಸೊಂಟ ಹಿಡಿದುಕೊಂಡದ್ದು ಒಂಬತ್ತು ದಿನ. ಕೊನೆಯ ಸಾಲಿನಲ್ಲಿ 'ರಾಫ್ಟಿಂಗ್' ಅಂತ ಇತ್ತು, ಅದರ ಮುಂದೆ ಇನ್ನೂ ಏನೂ ಬರೆದಿರಲಿಲ್ಲ.

"ಇವತ್ತು ಬರೀಬೇಕಾ ಬೇಡವಾ ಅಂತ ಗೊತ್ತಾಗ್ತದೆ," ಅಂದಳು ಆಯೇಷಾ.

ಹೃಷಿಕೇಶನ ಕಾಲು ಕುಣಿಸುತ್ತಿದ್ದದ್ದೂ ಅದೇ. ಹನ್ನೊಂದು ಭಾನುವಾರ ಅವನು ತಪ್ಪಿಸಿರಲಿಲ್ಲ. ಹನ್ನೊಂದು! ಮೂರೂವರೆ ಗಂಟೆ ಬಸ್ಸಿನಲ್ಲಿ ಕೂತು ಬೆಟ್ಟದ ಬುಡಕ್ಕೆ ಹೋಗಿ, ಗಾಳಿ ತುಂಬಿದ ರಬ್ಬರ್ ದೋಣಿಯ ಹಿಂಬದಿಯಲ್ಲಿ ಹುಟ್ಟು ಹಿಡಿದು, ಬಂಡೆ ಯಾವುದು ಸುಳಿ ಯಾವುದು ಅಂತ ಕಲಿತು, ಮತ್ತೆ ಮೂರೂವರೆ ಗಂಟೆ ಬಸ್ಸಿನಲ್ಲಿ ವಾಪಸ್ಸು. ಆಫೀಸಿನ ಕುರ್ಚಿಯಲ್ಲಿ ಹತ್ತು ನಿಮಿಷ ನೆಟ್ಟಗೆ ಕೂರಲಾರದವನು ಹೊಳೆಯ ಮೇಲೆ ಎರಡು ಗಂಟೆ ಕೂರುತ್ತಿದ್ದ, ಅವನಿಗೇ ಆಶ್ಚರ್ಯ. ಇವತ್ತು ಪರೀಕ್ಷೆ. ಪಾಸಾದರೆ ನೀಲಿ ಹೆಲ್ಮೆಟ್ ಹೋಗಿ ಕೆಂಪು ಹೆಲ್ಮೆಟ್. ಶನಿವಾರ, ಭಾನುವಾರ ಅವನೇ ಗೈಡ್. ಫೇಲಾದರೆ ಮುಂದಿನ ಪರೀಕ್ಷೆ ಮುಂದಿನ ಮಳೆಗಾಲ ಬಂದಮೇಲೆ. ಜೂನ್ ತನಕ ತಾನು ಕಾಯುವ ಗಿರಾಕಿಯಲ್ಲ, ಇದೂ ಗಿಟಾರಿನ ಪಕ್ಕ ಮಂಚದ ಕೆಳಗೆ ಸೇರುತ್ತದೆ ಅಂತ ಹೃಷಿಕೇಶನಿಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆ ಮಾಡುವವನು ವಿಲ್ಸನ್. ಕೊಚ್ಚಿ ಹತ್ತಿರದ ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸೇಫ್ಟಿ ವಿಭಾಗದಲ್ಲಿದ್ದು, ಕೆಲಸ ಬಿಟ್ಟು ಮೂರು ದೋಣಿ ಇಟ್ಟುಕೊಂಡವನು. ಅರ್ಧ ಇಂಗ್ಲಿಷು ಅರ್ಧ ಮಲಯಾಳಂ ಮಾತು, ಅದೂ ಅಳೆದು ತೂಗಿ. ಮೊದಲನೇ ದಿನ ಹೆಸರು ಕೇಳಿ ಒಂದೇ ಒಂದು ಸಲ ನಕ್ಕಿದ್ದ: "ಹೃಷಿಕೇಶ್? ಹೆಸರಿನಲ್ಲೇ ಗಂಗೆ ಇಟ್ಕೊಂಡು ನನ್ನ ಹೊಳೆಗೆ ಯಾಕೆ ಬಂದೆ ಮೋನೆ?" ಮೋನೆ ಅಂದರೆ ಮಗನೇ. ಆಮೇಲೆ ನಕ್ಕಿಲ್ಲ. ಕಾರ್ಖಾನೆಯ ಸೈರನ್ನಿನ ಶಿಸ್ತನ್ನು ಹೊಳೆಗೂ ತಂದಿದ್ದ. ಮೂರೂ ದೋಣಿಗಳಿಗೆ, ಪಕ್ಕದಲ್ಲಿ ಪುಟ್ಟ ಕಯಾಕಿನಲ್ಲಿ ಕಾವಲು ಬರುವ ವಿನ್ಸೆಂಟನಿಗೆ, ಎಲ್ಲರಿಗೂ ಅವೇ ನಾಲ್ಕು ಮಲಯಾಳಂ ಕೂಗು. 'ತುಳ' ಅಂದರೆ ಹುಟ್ಟು ಹಾಕು. 'ನಿರ್ತ್' ಅಂದರೆ ನಿಲ್ಲಿಸು. 'ಪಿಡಿ' ಅಂದರೆ ಹಗ್ಗ ಹಿಡಿ. 'ಇರಿ' ಅಂದರೆ ದೋಣಿಯ ಅಂಚಿನಿಂದ ಜಾರಿ ತಳದಲ್ಲಿ ಕೂತುಬಿಡು. ನೀರು ಧುಮುಕುವ ಜಾಗದಲ್ಲಿ ಪ್ರಾಣ ಉಳಿಸುವ ಕೂಗು ಅದೇ.

ಪರೀಕ್ಷೆಗೆ ಇನ್ನೊಂದು ನಿಯಮವಿತ್ತು. "ನನ್ನ ಪ್ರವಾಸಿಗಳನ್ನ ಕಲಿಯೋನ ಕೈಗೆ ಕೊಡಲ್ಲ. ನಿನ್ನನ್ನ ನಂಬೋ ನಾಲ್ಕು ಜನರನ್ನ ನೀನೇ ಕರ್ಕೊಂಡು ಬಾ."

ನಂಬುವ ನಾಲ್ಕು ಜನ ಎಲ್ಲಿ ಸಿಗುತ್ತಾರೆ? ಆಯೇಷಾ ಒಬ್ಬಳು, ಅದೂ ಎರಡು ಬಿರಿಯಾನಿಯ ಮಾತುಕತೆಯ ಮೇಲೆ. ಉಳಿದ ಮೂವರಿಗಾಗಿ ಅವನು ಕೊಚ್ಚಿ–ತಿರುವನಂತಪುರ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಇಷ್ಟುದ್ದದ ಸಂದೇಶ ಹಾಕಿದ್ದ. ಎರಡೇ ನಿಮಿಷದಲ್ಲಿ ಉತ್ತರ ಬಂದಿತ್ತು: 'ನಾವು ಮೂರು ಮಂದಿ ಬರ್ತೀವಿ. ರುದ್ರಪ್ಪ, ಉಳ್ಳೂರು.'

*

ರುದ್ರಪ್ಪ ವಿಜಯಪುರ ಕಡೆಯವರು, ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದೊಡ್ಡ ಅಧಿಕಾರಿ, ಹದಿನಾಲ್ಕು ವರ್ಷದಿಂದ ಅಲ್ಲಿನ ಉಳ್ಳೂರಿನಲ್ಲೇ ಮನೆ. ಹೊಳೆದಂಡೆಗೆ ಬಂದಿಳಿದಾಗ ಇಸ್ತ್ರಿ ಮಾಡಿದ ಟೀ ಶರ್ಟು, ಕನ್ನಡಕಕ್ಕೆ ಹಿಂದೆ ದಾರ. ಹೆಂಡತಿ ಸುಮಿತ್ರಾ ಕೈಯಲ್ಲಿ ರೊಟ್ಟಿಯ ಡಬ್ಬಿ. ಮಗಳು ನಂದಿತಾ, ಹದಿನೇಳು, ಕಿವಿಯಲ್ಲಿ ಇಯರ್‌ಫೋನು.

"ನೀನ ಏನಪಾ ಹೃಷಿಕೇಶ? ಬೆಳ್ಳಗ ತೆಳ್ಳಗ ಅದಿ. ಎಷ್ಟು ವರ್ಷ ಆತು ಈ ಕೆಲಸ ಹಿಡಿದು?"

"ಸರ್, ಇವತ್ತು ನಂದು ಟ್ರಯಲ್ ಅಂತ ಮೆಸೇಜಲ್ಲಿ ಹಾಕಿದ್ನಲ್ಲ..."

"ಯಾರ್ ಓದ್ತಾರ ಅಷ್ಟುದ್ದ? ನಾ ಮೊದಲನೇ ಸಾಲು ಓದಿದೆ." ರುದ್ರಪ್ಪನವರ ದನಿ ಏರಿತು. "ಅಂದ್ರ ಪರೀಕ್ಷಾ ನಿಂದು, ಉತ್ತರಪತ್ರಿಕಿ ನಾವು?"

ಸುಮಿತ್ರಾ ರೊಟ್ಟಿ ಡಬ್ಬಿ ಎದೆಗವಚಿಕೊಂಡರು. "ನಾ ಹೇಳಿದ್ನಿಲ್ಲೋ ಪೂರ್ತಿ ಓದ್ರಿ ಅಂತ?"

"ಅಮ್ಮಾ, ಇಟ್ಸ್ ಓಕೆ," ಅಂದಳು ನಂದಿತಾ. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. "ಆ ಚೇಟ್ಟನ್ ಕೂಡೆ ಉಂಡಲ್ಲೋ."

ಆ ಅಣ್ಣನೂ ಜೊತೆಗಿದ್ದಾನಲ್ಲ ಅಂತ ಅವಳು ತೋರಿಸಿದ ಚೇಟ್ಟನ್, ವಿಲ್ಸನ್, ಆಗಲೇ ಹೋಗಿ ದೋಣಿಯ ನಟ್ಟನಡುವೆ ಕೂತಿದ್ದ. "ನಾನು ಇವತ್ತು ಅಕ್ಕಿ ಮೂಟೆ," ಅಂದ ಹೃಷಿಕೇಶನಿಗೆ. "ಅಕ್ಕಿ ಮೂಟೆ ಮಾತಾಡಲ್ಲ. ಮಾತಾಡೋ ಹಾಗೆ ಮಾಡಬೇಡ."

ಹೃಷಿಕೇಶ ನಾಲ್ವರನ್ನೂ ಮರಳಿನ ಮೇಲೆ ನಿಲ್ಲಿಸಿ ನಾಲ್ಕು ಕೂಗುಗಳನ್ನು ಹೇಳಿಕೊಟ್ಟ. ನಿಂತಲ್ಲೇ ನಿಲ್ಲದೆ ಆ ಕಡೆಯಿಂದ ಈ ಕಡೆಗೆ ಓಡಾಡಿಕೊಂಡೇ ಹೇಳಿಕೊಟ್ಟ. ಇರಿ ಅಂದರೆ ಕೂರುವುದು, ಸರಿನಾ? ಸರಿ. ಎರಡು ಸಲ ಅಭ್ಯಾಸ ಮಾಡಿಸಿದ, ಎಲ್ಲರೂ ಮರಳಿನ ಮೇಲೆ ಕೂತು ಎದ್ದರು. ಮೂರನೇ ಸಲ ಮಾಡಿಸಬೇಕಿತ್ತು. ಅಷ್ಟರಲ್ಲಿ ಮುಂದಿನ ಎರಡು ದೋಣಿಗಳಲ್ಲಿ ದಿಲ್ಲಿಯ ಪ್ರವಾಸಿಗಳು ಹೋ ಅಂತ ಕೂಗುತ್ತಾ ಹೊರಟೇಬಿಟ್ಟರು, ಇವನಿಗೆ ತಡೆಯಲಾಗಲಿಲ್ಲ. "ಬನ್ನಿ ಬನ್ನಿ ಬನ್ನಿ, ಹತ್ತಿ!"

ಮೊದಲ ಅರ್ಧ ಗಂಟೆ ಹಬ್ಬ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ನವೆಂಬರಿನ ಮಳೆ ಬಿದ್ದು ಹೊಳೆ ತುಂಬಿತ್ತು, ಬೆಳಗಿನ ಬಿಸಿಲು ನೀರಿನ ಮೇಲೆ ಚೂರುಚೂರಾಗಿತ್ತು. ಎರಡು ಸಣ್ಣ ಇಳಿತ ದಾಟಿದಾಗ ಸುಮಿತ್ರಾ ಕಿರುಚಿದ್ದು ಹೆದರಿಕೆಗಲ್ಲ, ಖುಷಿಗೆ. ಮುಂದೆ ಎಡಕ್ಕೆ ರುದ್ರಪ್ಪ, ಬಲಕ್ಕೆ ಆಯೇಷಾ, ಅವರ ಹಿಂದೆ ತಾಯಿ ಮಗಳು, ನಡುವೆ ಅಕ್ಕಿ ಮೂಟೆ, ಕಟ್ಟಕಡೆಗೆ ಹೃಷಿಕೇಶ. ಅವನ ಕಾಲು ಕುಣಿಯುತ್ತಿರಲಿಲ್ಲ. ಆಯೇಷಾ ಒಮ್ಮೆ ತಿರುಗಿ ಅದನ್ನು ನೋಡಿ ಹುಬ್ಬೇರಿಸಿದಳು ಕೂಡ.

ಆಮೇಲೆ ಬಂದಳು ಅತ್ತೆ. ಆ ಇಳಿತಕ್ಕೆ ವಿಲ್ಸನ್ ಇಟ್ಟ ಹೆಸರು ಅಮ್ಮಾಯಿಯಮ್ಮ, ಅಂದರೆ ಗಂಡನ ತಾಯಿ, ಹೆಂಡತಿಯ ತಾಯಿ, ಯಾರೋ ಒಬ್ಬರು ಅತ್ತೆ. ದೂರದಿಂದ ಸೌಮ್ಯ, ಹತ್ತಿರ ಹೋದಮೇಲೆ ಗೊತ್ತಾಗುವುದು. ಎರಡು ಬಂಡೆಗಳ ನಡುವೆ ಹೊಳೆ ಕಿರಿದಾಗಿ, ಆಳೆತ್ತರ ಧುಮುಕಿ, ಕೆಳಗೆ ಬಲಕ್ಕೆ ಹೊರಳುತ್ತಿತ್ತು.

"ತುಳ! ತುಳ! ತುಳ!" ಹೃಷಿಕೇಶ ಕೂಗಿದ. ನಾಲ್ಕೂ ಹುಟ್ಟು ಒಟ್ಟಿಗೆ ಬಿದ್ದವು. ದೋಣಿ ಸರಿಯಾದ ಗೆರೆಯಲ್ಲೇ ಇತ್ತು. ಮೂತಿ ಕೆಳಗೆ ಬಾಗುವ ಹೊತ್ತು. "ಇರಿ!"

ನಂದಿತಾ ಸರಕ್ಕನೆ ಜಾರಿ ತಳಕ್ಕೆ ಕೂತಳು.

ಸುಮಿತ್ರಾ ಹುಟ್ಟನ್ನು ಗಾಳಿಯಲ್ಲಿ ಎತ್ತಿಹಿಡಿದು ಇದ್ದ ಹಾಗೇ ಇದ್ದುಬಿಟ್ಟರು. ಆಯೇಷಾಳೂ ಅಷ್ಟೇ. ರುದ್ರಪ್ಪನವರಂತೂ ಪೂರ್ತಿ ಹಿಂದಕ್ಕೆ ತಿರುಗಿ, "ಯಾಕಪಾ, ಏನಾತು?" ಅಂದರು.

ಅಷ್ಟೇ. ದೋಣಿ ಧುಮುಕಿತು, ಬಿಳಿ ನೀರು ಎದ್ದು ಬಡಿಯಿತು, ಮತ್ತೆ ನೋಡಿದರೆ ಮುಂದಿನ ಎಡಗಡೆ ಯಾರೂ ಇರಲಿಲ್ಲ.

"ಸರ್!" ಹೃಷಿಕೇಶ ಎದ್ದು ನಿಂತ. ದೋಣಿಯ ಹಿಂಬದಿಯಲ್ಲಿ, ಆ ಅಬ್ಬರದಲ್ಲಿ, ಎರಡೂ ಕಾಲ ಮೇಲೆ ಎದ್ದು ನಿಂತುಬಿಟ್ಟ. ದೋಣಿ ಒಂದು ಕಡೆಗೆ ವಾಲಿತು.

"ಇರಿಯೆಡಾ!" ಅಕ್ಕಿ ಮೂಟೆ ಬಾಯಿ ಬಿಟ್ಟಿತು. ಬಿಟ್ಟಿದ್ದಷ್ಟೇ ಅಲ್ಲ, ಅವನ ಜಾಕೆಟ್ಟಿನ ಪಟ್ಟಿ ಹಿಡಿದು ಕೆಳಗೆಳೆದು ಕೂರಿಸಿತು.

ಇಪ್ಪತ್ತು ಮೀಟರ್ ಕೆಳಗೆ ರುದ್ರಪ್ಪ ಎದ್ದರು. ವಿನ್ಸೆಂಟನ ಕಯಾಕಿನ ಮೂತಿಗೆ ಜೋತುಬಿದ್ದಿದ್ದರು, ಕನ್ನಡಕ ಇತ್ತು, ಒಂದು ಚಪ್ಪಲಿ ಇರಲಿಲ್ಲ. ಉಸಿರು ಸಿಕ್ಕ ಕೂಡಲೇ ಮೊದಲು ಕೂಗಿದ್ದು: "ಲೇ, ಇರಿ ಅಂತ ಹೇಳಿ ನೀನ ಯಾಕ ಮುಂದಕ್ಕ ಹೋದಿ?"

*

ಊಟಕ್ಕೆ ದಂಡೆಯ ಚಪ್ಪರದ ಕೆಳಗೆ ಬೇಯಿಸಿದ ಮರಗೆಣಸು, ಮೀನಿನ ಸಾರು, ಸುಮಿತ್ರಾ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹೃಷಿಕೇಶ ಏನನ್ನೂ ಮುಟ್ಟಲಿಲ್ಲ. ಚಪ್ಪರಕ್ಕೂ ನೀರಿಗೂ ನಡುವೆ ಹದಿನೈದು ಹೆಜ್ಜೆ, ಅದನ್ನೇ ಅಳೆಯುತ್ತಿದ್ದ. ವಿಲ್ಸನ್ ಹೇಳಿದ್ದು ಎರಡೇ ಮಾತು. ಮಧ್ಯಾಹ್ನ ಇನ್ನೊಂದು ಸುತ್ತು ಇದೆ. ನಾನು ಇನ್ನೊಂದು ಸಲ ಬಾಯಿ ಬಿಡಬೇಕಾಗಿ ಬಂದರೆ ನೀಲಿ ಹೆಲ್ಮೆಟ್ ಪೆಟ್ಟಿಗೆಗೆ ಹಾಕಿ ಮನೆಗೆ ಹೋಗು, ಜೂನ್‌ನಲ್ಲಿ ಬಾ.

ಇನ್ನೊಂದು ಸುತ್ತಿಗೆ ಇವರು ಬಂದರೆ ತಾನೆ?

"ಸಾರಿ ಸರ್. ಸಾರಿ ಮೇಡಂ. ನೀವು ಬೇಡ ಅಂದ್ರೆ ನಂಗರ್ಥ ಆಗತ್ತೆ."

"ನಿಂತು ಮಾತಾಡು. ತಿರುಗಿ ತಿರುಗಿ ನನಗ ತಲಿ ತಿರಗಾಕತ್ತೈತಿ," ಅಂದರು ಸುಮಿತ್ರಾ. "ನಾವು ಮರಳಿನ ಮ್ಯಾಲ ಕುಂತು ಎದ್ದು ಕಲ್ತಿದ್ವಿ. ಇರಿ ಅಂದ್ರ ಕುಂದರೂದು ಅಂತ ನನಗ ಗೊತ್ತಿತ್ತು. ಆದ್ರ ಅಲ್ಲಿ ನೀ ಒದರಿದಾಗ ಯಾಕ ಕುಂದರ್ಲಿಲ್ಲ ನಾ?"

ಮೀನಿನ ಮುಳ್ಳು ಬಿಡಿಸುತ್ತಿದ್ದ ನಂದಿತಾ ತಲೆ ಎತ್ತಿದಳು. "ಬಿಕಾಸ್ ಹೀ ಸೆಡ್ ಇಟ್ ಇನ್ ಕನ್ನಡ."

"ಇಲ್ವಲ್ಲ, ಮಲಯಾಳಂ ಕೂಗೇ ಅಲ್ವಾ ಅದು?" ಅಂದ ಹೃಷಿಕೇಶ.

"ಅಲ್ಲ ಚೇಟ್ಟಾ. ನಿಮ್ಮ... ಬಾಯಿ ಕನ್ನಡ." ನಂದಿತಾ ಕಷ್ಟಪಟ್ಟು ಕನ್ನಡ ಜೋಡಿಸಿದಳು, ರುದ್ರಪ್ಪ ರೊಟ್ಟಿ ತುತ್ತು ಕೈಯಲ್ಲೇ ಹಿಡಿದು ಮಗಳನ್ನು ನೋಡಿದರು. "ಬೆಳಿಗ್ಗೆಯಿಂದ ನೀವು ಕನ್ನಡ ಕನ್ನಡ ಕನ್ನಡ. ಆಮೇಲೆ ಇರಿ. ಅಪ್ಪನಿಗೆ ಕೇಳಿದ್ದು ಫೋನಲ್ಲಿ ಹೇಳೋ ಇರಿ. 'ಇರಿ, ಒಂದ್ನಿಮಿಷ ಇರಿ.' ನಂಗೆ ಕೇಳಿದ್ದು ನನ್ನ ಸ್ಕೂಲ್ ಟೀಚರ್ ಹೇಳೋ ಇರಿ."

ಆಯೇಷಾ ಹಣೆ ಬಡಿದುಕೊಂಡಳು. "ಅಯ್ಯೋ, ಹೌದು ಮಾರಾಯ! ನಂಗೆ ಮಲಯಾಳಂ ಬರ್ತದೆ, ಆದ್ರೂ ನಾನು ಕಾದೆ! ಈ ಜನ ಸ್ವಲ್ಪ ಇರಿ ಅಂತಿದ್ದಾನೆ, ಎಂತಕ್ಕೋ ಏನೋ ಅಂತ."

ಹೃಷಿಕೇಶನಿಗೆ ತಲೆಯೊಳಗೆ ಲೈಟ್ ಹತ್ತಿದ ಹಾಗಾಯಿತು. "ಹಾಗಾದ್ರೆ ಕನ್ನಡದಲ್ಲೇ ಕೂಗ್ತೀನಿ! ಕುಳಿತುಕೊಳ್ಳಿ ಅಂತ!"

"ಕುಳಿತುಕೊಳ್ಳಿ," ಆಯೇಷಾ ಬೆರಳು ಮಡಿಸಿ ಎಣಿಸಿದಳು. "ಅಷ್ಟು ಹೇಳಿ ಮುಗಿಸುವಾಗ ದೋಣಿ ಅರಬ್ಬೀ ಸಮುದ್ರ ಮುಟ್ಟಿರ್ತದೆ."

"ಕೂತ್ಕೊಳಿ?"

"ಉದ್ದ."

"ಕೂರಿ?"

"ಅದ್ರಲ್ಲೂ 'ರಿ' ಬಂತಲ್ಲ. ನೀರಿನ ಸದ್ದಿಗೆ ಮತ್ತೆ 'ಇರಿ' ಅಂತಲೇ ಕೇಳ್ತದೆ."

ರುದ್ರಪ್ಪ ಕೈ ಒರೆಸಿಕೊಂಡರು. "ನಮ್ಮ ಕಡಿ ಕುಂದ್ರು ಅಂತೀವಿ. ಕುಂ ಅನ್ನೂದ್ರಾಗ ಅರ್ಧ ಕುಂತಿರ್ತಾರ, ದ್ರು ಅನ್ನೂದ್ರಾಗ ಪೂರ್ತಿ."

"ಕುಂದ್ರಿ," ಅಂದ ಹೃಷಿಕೇಶ.

"ಕುಂದ್ರು."

"ಕುಂದ್ರ್... ರಿ." ನಾಲಿಗೆ ತಾನೇ ತಾನಾಗಿ 'ರಿ' ಸೇರಿಸುತ್ತಿತ್ತು. ಐವತ್ತೈದು ವರ್ಷ ವಯಸ್ಸಿನ, ಕನ್ನಡಕ ಹಾಕಿದ, ತನ್ನಿಂದಾಗಿ ಒಂದು ಚಪ್ಪಲಿ ಕಳೆದುಕೊಂಡ ಮನುಷ್ಯನಿಗೆ ಕುಂದ್ರು ಅನ್ನುವುದು ಹೇಗೆ? ಮೈಸೂರಿನ ಮನೆಯಲ್ಲಿ ಹಾಲು ಹಾಕುವವರಿಗೂ ಬನ್ನಿ, ಹೋಗಿ ಅಂತಲೇ ಮಾತು. "ಸರ್, ನಿಮಗೆ ಏಕವಚನದಲ್ಲಿ ಹೇಳಕ್ಕೆ ಬರ್ತಿಲ್ಲ ಸರ್."

"ಲೇ ಹುಚ್ಚ! ನೀರಾಗ ಬಿದ್ದಾವ್ಗ ಮರ್ಯಾದಿ ತಗೊಂಡು ಏನ್ ಮಾಡೂದೈತಿ? ದಂಡಿ ಮ್ಯಾಲ ಸರ್ ಅನ್ನು, ಸಾಹೇಬ್ರ ಅನ್ನು, ಅಡ್ಡಬೀಳು. ದೋಣಿಯಾಗ ನಾ ನಿನ್ನ ದನ ಅಂತ ತಿಳ್ಕೊ. ಒದರು!"

"ಕುಂದ್ರು," ಅಂದ ಮೆಲ್ಲಗೆ.

"ನಿಮ್ಮವ್ವಗ ಹೇಳಾಕತ್ತಿ ಏನು? ಒದರು!"

"ಕುಂದ್ರು!"

ಸುಮಿತ್ರಾ ಧಪ್ಪನೆ ಚಾಪೆಯ ಮೇಲೆ ಕೂತರು. ಕೂತಾದಮೇಲೆ ನಗು ತಡೆಯಲಾಗಲಿಲ್ಲ. "ನಡೀರಿ, ಇನ್ನೊಂದು ಸಲ ಹೋಗೂಣು. ಈ ಮಾತು ಕೇಳಿದ್ರ ನನ್ನ ಕಾಲು ತಾನ ಮಡಚ್ತೈತಿ."

ಆದರೆ ವಿಲ್ಸನ್ ಒಪ್ಪಬೇಕಲ್ಲ. ಹೃಷಿಕೇಶ ಓಡಿ ಹೋಗಿ ಒಂದೇ ಉಸಿರಿನಲ್ಲಿ ಎಲ್ಲಾ ಹೇಳಿದ: ಇರಿ, ಆ ಇರಿ, ಈ ಇರಿ, ಕುಂದ್ರು. ವಿಲ್ಸನ್ ದೋಣಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಲಿಲ್ಲ.

"ಒಂದು ಹೊಳೆ, ಒಂದು ಕೂಗು. ನಿನ್ನ ದೋಣಿ ಮಗುಚಿದಾಗ ನೀನು ಕೂಗಿದ್ದು ಬೇರೆ ದೋಣಿಗೆ ಅರ್ಥ ಆಗದಿದ್ರೆ?"

"ಎಲ್ಲರಿಗೂ ಕಲಿಸ್ತೀನಿ."

ವಿಲ್ಸನ್ ಪಂಪು ನಿಲ್ಲಿಸಿದ. "ಹತ್ತು ನಿಮಿಷ."

ಆ ಹತ್ತು ನಿಮಿಷ ಆ ದಂಡೆಯಲ್ಲಿ ನಡೆದದ್ದು ಬೇರೆಲ್ಲೂ ನಡೆದಿರಲಾರದು. ದಿಲ್ಲಿಯ ಹನ್ನೆರಡು ಪ್ರವಾಸಿಗಳು, ಇಬ್ಬರು ಮಲಯಾಳಿ ಗೈಡುಗಳು, ಕಯಾಕಿನ ವಿನ್ಸೆಂಟ್, ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ಮರಳಿನ ಮೇಲೆ ಸಾಲಾಗಿ ನಿಂತಿದ್ದರು. ಹೃಷಿಕೇಶ 'ಕುಂದ್ರು' ಅಂದರೆ ಎಲ್ಲರೂ 'ಕುಂದ್ರೂ' ಅಂತ ಕೂಗಿ ಧೊಪ್ಪನೆ ಕೂರುತ್ತಿದ್ದರು. ವಿನ್ಸೆಂಟ್ 'ಕುಂತ್ರ' ಅಂತಿದ್ದ. "ದ್ರು, ದ್ರು," ಅಂತ ಒಂಟಿ ಚಪ್ಪಲಿಯಲ್ಲಿ ಓಡಾಡಿ ತಿದ್ದುತ್ತಿದ್ದವರು ರುದ್ರಪ್ಪ. ಮೂರು ಸಲ ಆಯಿತು. ಪ್ರವಾಸಿಗಳು ಸಾಕು, ಹೊರಡೋಣ ಅಂದರು. ಹೃಷಿಕೇಶನ ಕಾಲೂ ಹೊರಡು ಹೊರಡು ಅನ್ನುತ್ತಿತ್ತು. ಅವನು ನಾಲ್ಕನೇ ಸಲ ಮಾಡಿಸಿದ.

*

ಮಧ್ಯಾಹ್ನ ಹೊಳೆ ಇನ್ನೂ ಸ್ವಲ್ಪ ಏರಿತ್ತು. ಅಮ್ಮಾಯಿಯಮ್ಮನ ಸದ್ದು ತಿರುವಿಗೆ ಮೊದಲೇ ಕೇಳಿಸಿತು. ರುದ್ರಪ್ಪನವರ ಹೆಲ್ಮೆಟ್ಟಿನ ಹಿಂದೆ ಕನ್ನಡಕದ ದಾರ ಅಲ್ಲಾಡುತ್ತಿತ್ತು, ಹೃಷಿಕೇಶ ಅದನ್ನೇ ನೋಡುತ್ತಿದ್ದ. ಈ ಮನುಷ್ಯ ಇನ್ನೊಂದು ಸಲ ನೀರಿಗೆ ಬಿದ್ದರೆ ತಾನು ಕೆಂಪು ಹೆಲ್ಮೆಟ್ ಕೇಳುವುದೇ ಇಲ್ಲ ಅಂತ ಅಂದುಕೊಂಡ.

"ತುಳ! ತುಳ! ಇನ್ನೂ! ಇನ್ನೂ!" ಬಂಡೆಗಳು ಹತ್ತಿರ ಬಂದವು. ಬಾಯಿಯ ತುದಿಯಲ್ಲಿ 'ರಿ' ಕೂತಿತ್ತು, ಅದನ್ನು ನುಂಗಿದ. "ಕುಂದ್ರು!"

ನಾಲ್ಕೂ ಹೆಲ್ಮೆಟ್ಟು ಒಂದೇ ಸಲ ಕೆಳಗಿಳಿದವು. ಅಕ್ಕಿ ಮೂಟೆಯೂ ಒಂದು ಗೇಣು ಕುಗ್ಗಿತು. ದೋಣಿ ಮೂತಿ ತಗ್ಗಿಸಿ ಧುಮುಕಿತು, ಲೋಕವೆಲ್ಲ ಬಿಳಿಯಾಯಿತು, ಮೂಗಿಗೆ ನೀರು ಹೋಯಿತು, ಮತ್ತೆ ಬೆಳಕು. ಎಣಿಸಿದ: ಒಂದು, ಎರಡು, ಮೂರು, ನಾಲ್ಕು. ಎಲ್ಲರೂ ಇದ್ದರು.

ಆದರೆ ದೋಣಿ ತಿರುಗತೊಡಗಿತ್ತು. ಏರಿದ ನೀರು ಬಲಕ್ಕೆ ಒಯ್ಯುವ ಬದಲು ಸುಳಿಗೆ ತಳ್ಳಿತ್ತು, ದೋಣಿ ಹಿಂದುಮುಂದಾಗಿ ಬಂಡೆಯ ಕಡೆಗೆ ಹೊರಳುತ್ತಿತ್ತು. ಆಯೇಷಾ ಹುಟ್ಟು ಎತ್ತಿದಳು. ರುದ್ರಪ್ಪ ಏಳಲು ನೋಡಿದರು. ಹೃಷಿಕೇಶನ ಇಡೀ ಮೈ ಏನಾದರೂ ಮಾಡು, ಈಗಲೇ ಮಾಡು, ಎದ್ದೇಳು ಅಂತ ಕೂಗುತ್ತಿತ್ತು. ಸುಳಿಯ ಜೊತೆ ಕುಸ್ತಿ ಮಾಡಬೇಡ, ಅದು ಒಂದು ಸುತ್ತು ತಿರುಗಿಸಿ ತಾನೇ ಬಿಡುತ್ತೆ ಅಂತ ವಿಲ್ಸನ್ ಏಳನೇ ಭಾನುವಾರ ಹೇಳಿದ್ದ. ಎದುರಿಗಿದ್ದ ವಿಲ್ಸನ್ ಈಗ ಅವನ ಮುಖವನ್ನೇ ನೋಡುತ್ತಿದ್ದ, ತುಟಿ ಬಿಗಿ ಹಿಡಿದು.

"ಇರಿ," ಅಂದ ಹೃಷಿಕೇಶ. ಕೂಗಲಿಲ್ಲ. "ಇರಿ... ಯಾರೂ ಏನೂ ಮಾಡ್ಬೇಡಿ... ಒಂದ್ನಿಮಿಷ ಇರಿ."

ಮೂವರು ಕನ್ನಡಿಗರು ಇದ್ದ ಹಾಗೇ ಇದ್ದರು. ನಂದಿತಾ ಹೇಗೂ ಕೂತೇ ಇದ್ದಳು. ಬಂಡೆ ಬಂತು, ಒಂದು ಮೊಳದ ಅಂತರದಲ್ಲಿ ಪಕ್ಕಕ್ಕೆ ಸರಿದು ಹೋಯಿತು. ಸುಳಿ ದೋಣಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಬೇಸರ ಬಂದಂತೆ ಮುಖ್ಯ ಹರಿವಿಗೆ ದಬ್ಬಿತು.

"ತುಳ!" ಅಂತ ಕೂಗಿ ಅವನೂ ಹುಟ್ಟು ಹಾಕಿದ.

*

ದೋಣಿ ಮಡಚಿ ಜೀಪಿಗೆ ಏರಿಸಿದರು. ರುದ್ರಪ್ಪ ವಿನ್ಸೆಂಟನ ಹವಾಯಿ ಚಪ್ಪಲಿ ಇಸಕೊಂಡು ಹಾಕಿ, ವಾಟ್ಸಾಪ್ ಗುಂಪಿಗೆ ಇಷ್ಟುದ್ದದ ಸಂದೇಶ ಟೈಪು ಮಾಡುತ್ತಿದ್ದರು. "ಯಾರ್ ಓದ್ತಾರ ಅಷ್ಟುದ್ದ?" ಅಂದರು ಸುಮಿತ್ರಾ. ನಂದಿತಾ ಅಪ್ಪನ ಹೆಗಲ ಮೇಲಿಂದ ಇಣುಕಿ, "ನಾನು ಕನ್ನಡ ಮಾತಾಡಿದ್ದು ಹಾಕಿ," ಅಂದಳು.

ಹೃಷಿಕೇಶ ಜೀಪಿನ ಸುತ್ತ ಮೂರು ಸುತ್ತು ಹಾಕಿದ. ಹುಟ್ಟುಗಳನ್ನು ಎಣಿಸಿದ, ಹಗ್ಗ ಸುತ್ತಿದ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಕೊನೆಗೆ ವಿಲ್ಸನ್ ಹೆಲ್ಮೆಟ್ ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕೂತು ಹಾಲಿಲ್ಲದ ಕಟ್ಟನ್ ಚಾಯ ಹೀರುತ್ತಿದ್ದ ಕಡೆ ಹೋಗಿ ನಿಂತ.

"ವಿಲ್ಸನ್ ಚೇಟ್ಟಾ, ಪಾಸಾ ಫೇಲಾ? ಹೇಳ್ಬಿಡಿ. ಏನಾದ್ರೂ ಪರ್ವಾಗಿಲ್ಲ. ಪರ್ವಾಗಿಲ್ಲ ಅಂದ್ರೆ, ಪರ್ವಾಗಿದೆ, ಆದ್ರೂ ಹೇಳಿ."

ವಿಲ್ಸನ್ ತಲೆ ಎತ್ತಲಿಲ್ಲ. ಬೆಂಚಿನ ಮೇಲಿದ್ದ ಪಂಪನ್ನು ನೆಲಕ್ಕಿಳಿಸಿ ಜಾಗ ಮಾಡಿದ.

"ಕುಂದ್ರ್," ಅಂದ.

ಹೃಷಿಕೇಶ ಕೂತ. ವಿಲ್ಸನ್ ನೀಲಿ ಹೆಲ್ಮೆಟ್ಟನ್ನು ಅವನ ತಲೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದ, ಕೆಂಪು ಒಂದನ್ನು ತೆಗೆದು ಅವನ ಮಡಿಲಿಗಿಟ್ಟ.

"ಮುಂದಿನ ಶನಿವಾರ ಚೆನ್ನೈನಿಂದ ಆರು ಜನ ಬರ್ತಿದ್ದಾರೆ. ನಿನ್ನ ದೋಣಿ. ನಮ್ಮ ಇರಿಗೆ ತಮಿಳಿನಲ್ಲಿ ಏನಂತಾರೆ ಅಂತ ವಿಚಾರಿಸಿಕೊಂಡು ಬಾ."

ದೂರದಲ್ಲಿ ಆಯೇಷಾ ಫೋನು ತೆಗೆದು, ರಾಫ್ಟಿಂಗ್ ಅನ್ನುವ ಸಾಲಿನ ಮುಂದಿನ ಖಾಲಿ ಜಾಗ ನೋಡಿ, ಏನೂ ಬರೆಯದೆ ಮತ್ತೆ ಜೇಬಿಗಿಟ್ಟುಕೊಂಡಳು. ಹೃಷಿಕೇಶ ಹೆಲ್ಮೆಟ್ ಹಿಡಿದು ಕೂತೇ ಇದ್ದ. ತಮಿಳಿನಲ್ಲಿ ಕೂರು ಅನ್ನುವುದಕ್ಕೆ ಏನಂತಾರೆ? ಉಕ್ಕಾರು. ಅದು ಉದ್ದವಾಯಿತಲ್ಲ. ಉಕ್ಕಾರುಂಗೊ ಇನ್ನೂ ಉದ್ದ. ಚಿಕ್ಕದೊಂದು ಬೇಕು, ಗಟ್ಟಿಯಾದದ್ದು, ಶನಿವಾರಕ್ಕೆ ಇನ್ನು ಆರೇ ದಿನ.

ಬೆಂಚು ಸಣ್ಣಗೆ ನಡುಗತೊಡಗಿತು. ವಿಲ್ಸನ್ ತನ್ನ ಚಹಾದ ಗ್ಲಾಸನ್ನು ಎತ್ತಿ ಇನ್ನೊಂದು ಕೈಗೆ ಹಿಡಿದುಕೊಂಡ.